ಅರ್ಧ ಕಳಿಸಿದ ಅಧ್ಯಾಯ

ನಜರ್‌ಬಾದ್, ಮೈಸೂರು
10 ನವೆಂಬರ್ 2025

ಚೆಲುವಣ್ಣನಿಗೆ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ಕೆಮ್ಮು ಹೇಗಿದೆ? ಹುಬ್ಬಳ್ಳಿಯಲ್ಲಿ ಚಳಿ ಶುರುವಾಗಿದೆಯಂತೆ, ಸ್ವೆಟರ್ ಹಾಕಿಕೋ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ದಸರೆಯ ದಿನ ನೀನು ಅಂಬಾರಿ ಹೊತ್ತ ಆನೆಯ ಫೋಟೋ ಕಳಿಸಿ, ಕೆಳಗೆ ನೀನು ಹೊಸದಾಗಿ ಸೇರಿದ ಚರ್ಚಿನ ವೇದಗ್ರಂಥದ ಎರಡು ಸಾಲು ಹಾಕಿದ್ದೆ. ಸುಳ್ಳು ದೇವರುಗಳನ್ನು ಪ್ರಾಣಿಗಳ ಮೇಲೆ ಹೇರಬೇಕು, ಹೊತ್ತ ಪ್ರಾಣಿಗೇ ಸುಸ್ತು ಅಂತ. ಜೊತೆಗೊಂದು ಹುಕುಂ: ನಮ್ಮ ಮನೆದೇವರ ಪೆಟ್ಟಿಗೆ ಹೊರಗೆ ಹೋಗುವ ತನಕ ಹೊಸ್ತಿಲು ತುಳಿಯುವುದಿಲ್ಲ! ಹದಿನೈದು ವರ್ಷ ಯುಗಾದಿಗೆ ಆ ಪೆಟ್ಟಿಗೆ ತಲೆ ಮೇಲಿಟ್ಟುಕೊಂಡು ಹೊಳೆಗೆ ಹೋಗುತ್ತಿದ್ದವನು ನೀನೇ. ಹಿರಿಮಗನೇ ಹೊರಬೇಕೆಂದು ನನಗೆ ಮುಟ್ಟಲೂ ಬಿಡಲಿಲ್ಲ. ಎಂಥ ಜಂಬ ಆಗ! ನೀನು ಯಾವ ದೇವರನ್ನು ನಂಬಿದರೂ ನನ್ನ ತಕರಾರಿಲ್ಲ. ಅವ್ವನಿಗೆ ಷರತ್ತು ಹಾಕಿದೆಯಲ್ಲ, ಅದಕ್ಕೆ ಮೈ ಉರಿಯುತ್ತದೆ.

ಆ ಸಾಲುಗಳನ್ನು ಕೆಳಗಿನ ಮನೆಯ ಓನರ್ ಫಿಲೋಮಿನಾ ಟೀಚರಿಗೆ ತೋರಿಸಿದೆ. ಹುಟ್ಟಿದಾಗಿನಿಂದ ಆ ಗ್ರಂಥ ಕೇಳಿ ಬೆಳೆದವರು. "ಅರ್ಧಕ್ಕೇ ನಿಲ್ಸ್‌ಬುಟ್ಟಿದ್ದಾನೆ ಕಣಮ್ಮ" ಎಂದು ಮೇಲೆ ಬಂದು ಪೂರ್ತಿ ಅಧ್ಯಾಯ ಓದಿದರು. ಪರದೇಶದಲ್ಲಿ ಸೆರೆ ಸಿಕ್ಕಿ ಸೋತವರಿಗೆ ಧೈರ್ಯ ಹೇಳಿದ ಮಾತಂತೆ ಅದು. ಬೇರೆ ದೇವರುಗಳನ್ನು ಜನ ಹೊರಬೇಕು, ತಾನಾದರೋ ಬಸಿರಿನಿಂದಲೂ ಜನರನ್ನು ಹೊತ್ತವನು, ತಲೆ ನರೆತ ಮೇಲೂ ಹೊರುವವನು ಎನ್ನುತ್ತಾನೆ ನಿನ್ನ ದೇವರು. ತಾನು ದೊಡ್ಡವನೆನ್ನಲು ಅವನು ಮೊದಲು ಕೊಡುವ ಗುರುತೇ ಅದು. ಅದನ್ನು ಯಾಕೆ ಕಳಿಸಲಿಲ್ಲ? ಅವ್ವನ ತಲೆಯೂ ನರೆತಿದೆ. ಸೊಂಟದ ಮೂಳೆ ಮುರಿದು ಎರಡು ತಿಂಗಳಾಯಿತು. ಆಸ್ಪತ್ರೆಗೆ ಹೋಗುವಾಗೆಲ್ಲ ಎರಡು ಮಹಡಿ ಮೆಟ್ಟಿಲಲ್ಲಿ ಅವಳನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಇಳಿಸುವವರು ನಾನು ಮತ್ತು ಅರವತ್ತೆಂಟರ ಟೀಚರ್. ಹೋದ ಸಲ ತಿರುವಿನಲ್ಲಿ ಅವರ ಕೈ ಜಾರಿತು. ಅವ್ವ ಕಂಬಿ ಹಿಡಿದುಕೊಂಡು ಉಳಿದಳು. ಅವತ್ತೂ ನೀನು ಸುಳ್ಳು ದೇವರುಗಳ ಬಗ್ಗೆ ಸ್ಟೇಟಸ್ ಹಾಕಿದ್ದೆ. ಥೂ.

ಅವ್ವ ಆಶೀರ್ವಾದ ತಿಳಿಸು ಎಂದಿದ್ದಾಳೆ, ತಿಳಿಸಿದ್ದೇನೆ. ನನ್ನ ಕಡೆಯಿಂದ ಏನೂ ಇಲ್ಲ.

ನಿನ್ನ ತಂಗಿ,
ಗಗನ

ತಾ.ಕ.: ಟೀಚರ್ ಓದಿದ್ದನ್ನು ಅವ್ವ ಮಲಗಿದಲ್ಲೇ ಕೇಳಿಸಿಕೊಂಡಿದ್ದಳು. ಈಗಷ್ಟೇ ಮೂಗಯ್ಯ ಚಿಕ್ಕಪ್ಪನನ್ನು ಕರೆಸಿ, ಪೆಟ್ಟಿಗೆಗೆ ಕೈಮುಗಿದು, "ತಕೊಂಡೋಗಪ್ಪ, ನನ್ ಮಗ ಬರ್ಲಿ" ಎಂದು ಕಳಿಸಿಬಿಟ್ಟಳು. ಆಮೇಲೆ ಗೋಡೆ ಕಡೆ ಮುಖ ತಿರುಗಿಸಿದವಳು ಊಟವೂ ಬೇಡವೆಂದಳು. ಹದಿನೇಳನೇ ತಾರೀಖು ಸೋಮವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಹೊರಡಬೇಕು. ನಿನ್ನ ಷರತ್ತು ಮುಗಿಯಿತು. ಈ ಮನೆಯಲ್ಲಿ ಇನ್ನು ಹೊರಬೇಕಾಗಿರುವುದು ಅವ್ವನನ್ನು ಮಾತ್ರ.