ನನ್ನ ತೋಳಿನ ಲೆಕ್ಕ

ನವೆಂಬರ್ ೪

ಮುದ್ದು ಪುಟ್ಟಿಗೆ, ನಿನ್ನ ಅಮ್ಮನ ನೂರು ಮುತ್ತು.

ನಿನ್ನ ಪತ್ರ ತಲುಪಿತು. ಏಳು ತಿಂಗಳು ತುಂಬಿತು, ಕಾಲು ಊದಿಕೊಳ್ಳುತ್ತಿದೆ, ಹೆರಿಗೆಗೆ ನೀನು ಬರಲೇಬೇಕು ಎಂದು ಬರೆದಿದ್ದೀ. ಆದರೆ ಬರಲಾರೆ ಕಣೇ. ಅಪ್ಪನ ಬಿಪಿ ನಿನಗೆ ಗೊತ್ತಿಲ್ಲದ್ದೇನು? ನೀನು ಲಂಗ ಹಾಕುತ್ತಿದ್ದ ಕಾಲದಿಂದಲೂ ಈ ಮನೆಯಲ್ಲಿ ಜೋರಾಗಿ ಬಾಗಿಲು ಹಾಕಿದವರಿಲ್ಲ. ಎರಡು ವರ್ಷದಿಂದ ಮಾತ್ರೆಯ ಪುಣ್ಯಕ್ಕೆ ನೂರ ಮೂವತ್ತು ದಾಟಿರಲಿಲ್ಲ. ಹೋದ ವಾರ ನಿನ್ನ ಪತ್ರ ಬಂದ ಮರುದಿನವೇ ನೂರ ಅರವತ್ತೆಂಟು. ನೀನು ಹೋದ್ರೆ ನಾನು ಉಳಿಯಲ್ಲ ಅಂದುಬಿಟ್ಟರು.

ಸಾಲದ್ದಕ್ಕೆ ಬಿಪಿ ಮಷೀನು ಬೇರೆ ಕೆಟ್ಟಿದೆ, ಈ ವರ್ಷ ಮೂರನೇ ಸಲ. ಪ್ರತಿ ತಿಂಗಳ ಒಂದನೇ ತಾರೀಕು ಪಟ್ಟಿಯನ್ನು ಮೊದಲು ನನ್ನ ತೋಳಿಗೆ ಸುತ್ತಿ ಮಷೀನು ಸರಿಯಿದೆಯೇ ಎಂದು ನೋಡುವುದು ನಿನ್ನಪ್ಪ ಹಾಕಿದ ಪದ್ಧತಿ. ನಿನ್ನಮ್ಮಂದು ನೂರಾ ಹದಿನೈದು, ತಕ್ಕಡಿ ಕಲ್ಲಿನ ಹಾಗೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರಲ್ಲ! ಈ ಸಲ ನೂರ ಎಪ್ಪತ್ತೆರಡು ತೋರಿಸಿತು. ದರಿದ್ರ ಮಷೀನು ಎಂದು ಬೈದು ರಿಪೇರಿಗೆ ಕೊಟ್ಟಿದ್ದಾರೆ. ಇಂಥ ಹೊತ್ತಿನಲ್ಲಿ ಅವರನ್ನು ಬಿಟ್ಟು ಹೇಗೆ ಬರಲಿ? ನಿನ್ನ ಅತ್ತೆಯವರು ಇದ್ದಾರೆ, ಧೈರ್ಯವಾಗಿರು. ನಾನು ಗುಂಡುಕಲ್ಲಿನಂತೆ ಇದ್ದೇನೆ.

ಇತಿ ನಿನ್ನ
ಅಮ್ಮ

ತಾ. ಕ.: ಮೇಲಿನದನ್ನು ಅಪ್ಪ ಓದಿ ಕೊಟ್ಟರು. ಇದನ್ನು ಅಂಚೆ ಕಚೇರಿಯ ಕಿಟಕಿಯ ಬಳಿ ನಿಂತು ಬರೆಯುತ್ತಿದ್ದೇನೆ, ಕವರು ಇನ್ನೂ ಅಂಟಿಸಿಲ್ಲ.

ಬರುವಾಗ ಮಷೀನು ತರಲು ಹೋಗಿದ್ದೆ. ರಿಪೇರಿಯವನು ನನ್ನ ಮುಖ ನೋಡಿ, ಮೂರು ಸಲವೂ ಇದು ಕೆಟ್ಟಿರಲಿಲ್ಲಮ್ಮ, ನೀವೇ ತೋರಿಸ್ಕೊಳ್ಳಿ ಅಂದ. ಎದುರಿನ ಕ್ಲಿನಿಕ್ಕಿಗೆ ಹೋದೆ. ನರ್ಸ್ ತನ್ನ ಮಷೀನಿನಲ್ಲಿ ಎರಡೆರಡು ಸಲ ನೋಡಿದಳು: ನೂರ ಎಪ್ಪತ್ತಾರು. ಚಿಕ್ಕ ವಯಸ್ಸಿನಲ್ಲಿ ಹೆಂಗಸರದ್ದು ಗಂಡಸರಿಗಿಂತ ಕಡಿಮೆ ಇರುತ್ತದಂತೆ, ಮುಟ್ಟು ನಿಂತ ಮೇಲೆ ಏರುತ್ತಾ ಹೋಗಿ ಎಷ್ಟೋ ಜನರಲ್ಲಿ ಗಂಡನದ್ದನ್ನೂ ಮೀರಿಸುತ್ತದಂತೆ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಇಷ್ಟು ವರ್ಷ ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಅಳೆದಿರಲಿಲ್ಲ ಪುಟ್ಟಿ, ನನ್ನನ್ನಿಟ್ಟುಕೊಂಡು ಮಷೀನನ್ನು ಅಳೆಯುತ್ತಿದ್ದರು. ಸಿಟ್ಟು ಬಂತು. ಆಮೇಲೆ ಅಳುವೂ ಬಂತು.

ಇನ್ನೊಂದು ಮಾತು. ಆ ನೂರ ಅರವತ್ತೆಂಟರ ದಿನ ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅಳೆಯುವ ಮೊದಲು ಅಪ್ಪ ಹೊರಗಿನ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದರು. ಏದುಸಿರು ಬಿಡುತ್ತಾ ಬಂದು ತೋಳು ಚಾಚಿದರು. ಒಂಟಿಯಾಗಿರುವುದಕ್ಕೆ ಅಷ್ಟು ಭಯ. ಪಾಪ ಅನ್ನಿಸಿತು, ಬಂದ ಅಂಕಿಯನ್ನು ಹಾಗೇ ಬರೆದುಕೊಂಡೆ.

ಕಾಲು ಊದಿದೆ ಅಂದೆಯಲ್ಲ, ಇವತ್ತೇ ಹೋಗಿ ನಿನ್ನ ಬಿಪಿ ನೋಡಿಸಿಕೋ. ನಮ್ಮದೇನು ಮಹಾ ಎಂದು ತಳ್ಳಿಹಾಕಬೇಡ. ಮುಂದಿನ ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಅಳಿಯಂದಿರನ್ನು ನಿಲ್ದಾಣಕ್ಕೆ ಕಳಿಸು. ಉತ್ತರ ಬರೆಯಬೇಡ, ಅದನ್ನೂ ಮೊದಲು ಅಪ್ಪನೇ ಒಡೆಯುತ್ತಾರೆ.