ಪಟ್ಟಿಯ ಕೊನೆಯ ಹೆಸರು

ಚಳ್ಳಕೆರೆ
ಗುರುವಾರ, ೧೩ ಫೆಬ್ರವರಿ ೨೦೨೫

ಮಗಳು ತ್ರಿವೇಣಿಗೆ ನಿನ್ನವ್ವನ ಆಶೀರ್ವಾದ.

ಫೋನಿನಲ್ಲಿ ಅಪ್ಪ ಎಂಬ ಮಾತು ಬಂದರೆ ಸಾಕು, ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗದು. ನಾಳೆ ಮೊಳಕಾಲ್ಮೂರಿಗೆ ಹೊರಟಿರುವ ಪಕ್ಕದ ಮನೆ ದುರುಗಕ್ಕನ ಕೈಲಿ ಕಳಿಸುತ್ತಿದ್ದೇನೆ. ಅಲ್ಲಿ ನಿನ್ನ ಗೆಳತಿ ಶಶಿರೇಖಾಳ ಮನೆಯಲ್ಲಿ ಊಟ ಸರಿಹೋಗುತ್ತಿದೆಯೇ? ಅವರ ಮನೆಯ ಖಾರ ನಿನಗೆ ಆಗದು, ಮಜ್ಜಿಗೆ ಕುಡಿ.

ಮೊದಲು ನೀನೂ ಶಶಿರೇಖಾಳೂ ಮಾಡುತ್ತಿರುವ ಆಟದ ವಿಷಯ. ಕಬಡ್ಡಿಯಲ್ಲಿ ಯಾರು ಗೆಲ್ಲುತ್ತಾರೆಂದು ಸ್ನೇಹಿತರು, ನೆಂಟರು ಫೋನಿನಲ್ಲೇ ಊಹಿಸಿ ಅಂಕ ಗಳಿಸುವ ಆಟ. ಅದನ್ನು ಕಂಪ್ಯೂಟರಿನಲ್ಲಿ ಕಟ್ಟುವ ಮುಂಚೆ ಕಾಗದದ ಮೇಲೆ ಆಡಿಸಿ ನೋಡಬೇಕು ಎಂದಿದ್ದೆಯಲ್ಲ. ನೀನು ಮುನಿಸಿಕೊಂಡು ಹೋದ ಮೇಲೂ ಆಡಿಸಿದೆ. ನೀನು ರಟ್ಟಿನಲ್ಲಿ ಕತ್ತರಿಸಿಕೊಟ್ಟ ಫೋನಿನಲ್ಲಿ ನಾನೇ ಒಂದೊಂದು ಹಾಳೆ ಬದಲಿಸುತ್ತೇನೆ. ದುರುಗಕ್ಕ ನೀನು ಬರೆದ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, "ಎಷ್ಟೊತ್ತು ಒತ್ತಿದ್ರೂ ತೆಗೀತಾ ಇಲ್ವಲ್ಲಕ್ಕ, ನಿನ್ ಮಗಳ ಫೋನ್ ಕೆಟ್ಟೈತೆ" ಎಂದಳು. ಫೋನು ಕೆಟ್ಟಿರಲಿಲ್ಲ, ನಾನು ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋಗಿದ್ದೆ.

ಈಗ ನಿನ್ನ ಮುನಿಸಿನ ವಿಷಯ. ನೀನು ಆಡುವ ಚಳ್ಳಕೆರೆ ಕಬಡ್ಡಿ ತಂಡದ ಪಂದ್ಯಗಳಿಗೆಲ್ಲ ಅಪ್ಪ 'ಚಳ್ಳಕೆರೆ ಸೋಲುತ್ತದೆ' ಎಂದು ಗುರುತು ಹಾಕಿದ್ದನ್ನು ನೋಡಿ, ಹೆತ್ತಪ್ಪನಿಗೇ ನನ್ನ ಮೇಲೆ ನಂಬಿಕೆಯಿಲ್ಲ ಎಂದು ಬ್ಯಾಗು ಎತ್ತಿಕೊಂಡು ಹೊರಟೆ. ಇನ್ನು ಈ ಮನೆಗೆ ಕಾಲಿಡುವುದಿಲ್ಲ ಅಂದೆ. ನೀನು ಹೋದ ಮೇಲೆ ಅವರನ್ನು ತರಾಟೆಗೆ ತೆಗೆದುಕೊಂಡೆ. ಅವರು ತಲೆ ಎತ್ತದೆ ಶೇಂಗಾ ಸುಲಿಯುತ್ತ, "ಗೆಲ್ತಾಳೆ ಅಂತ ನಾನೇ ಬರ್ದು ಕೂಸಿಗೆ ದೃಷ್ಟಿ ಮಾಡ್ಲೇನೇ?" ಎಂದರು.

ಇಷ್ಟು ವರ್ಷ ಸಂಸಾರ ಮಾಡಿದ ನನಗೂ ಹೊಳೆದಿರಲಿಲ್ಲ ನೋಡು. ಹೊಲದಲ್ಲಿ ಶೇಂಗಾ ಚೆನ್ನಾಗಿ ಬಂದಾಗಲೆಲ್ಲ, ಕೇಳಿದವರಿಗೆ ಕಾಳೇ ಕಟ್ಟಿಲ್ಲ ಅನ್ನುತ್ತಾರೆ. ನೀನು ಹುಟ್ಟಿದಾಗ ನೋಡಲು ಬಂದವರೆದುರು ಮೂಗು ಮೊಂಡು, ಕಿವಿ ಆನೆಕಿವಿ ಎಂದು ಹೇಳಿ, ಅವರು ಆಚೆ ಹೋದ ಮೇಲೆ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟು ಉಪ್ಪು ಮೆಣಸಿನಕಾಯಿ ನಿವಾಳಿಸಿದವರೂ ಅವರೇ.

ಆಮೇಲೆ ದುರುಗಕ್ಕನ ಹಾಳೆ ತೆಗೆದು ನೋಡಿದೆ. ಅವಳ ತಂಗಿ ಮಗಳು ದಿವ್ಯಾ ನಿಮ್ಮ ತಂಡದವಳೇ ತಾನೇ. ದುರುಗಕ್ಕನೂ ಸೋಲು ಅಂತಲೇ ಹಾಕಿದ್ದಾಳೆ. ಗೆಲುವು ಹಾಕಿದವರೆಲ್ಲ ನಮ್ಮ ಅಂಗಡಿಗೆ ಬಂದ, ನಿಮ್ಮ ಮುಖವನ್ನೇ ಕಂಡರಿಯದ ಗಿರಾಕಿಗಳು. ಯಾರು ಗೆಲ್ಲುತ್ತಾರೆಂದು ನಮ್ಮ ಕಡೆ ಹೆತ್ತವರನ್ನು ಕೇಳಬಾರದಮ್ಮ. ಶಶಿರೇಖಾಳಿಗೂ ಹೇಳು, ಕಂಪ್ಯೂಟರಿಗೆ ಹಾಕುವ ಮುಂಚೆ ಇದಕ್ಕೊಂದು ದಾರಿ ಹುಡುಕಿ.

ನೀವು ಆಡಿದ ಪಂದ್ಯಗಳನ್ನೆಲ್ಲ ಗೆದ್ದಿರಲ್ಲ, ಅಂಕಪಟ್ಟಿ ಬರೆದೆ. ದುರುಗಕ್ಕನಿಗೂ ನಿಮ್ಮಪ್ಪನಿಗೂ ಸೊನ್ನೆ. ಕೊನೆಯ ಸಾಲು ತಮಗೇ ಬೇಕೆಂದು ನಿಮ್ಮಪ್ಪ ಹಟ ಹಿಡಿದರು. ವ್ಯಾಪಾರದಲ್ಲಿ ಯಾರಿಗೂ ಬಗ್ಗದ ಮನುಷ್ಯ ಆ ಪಟ್ಟಿಯನ್ನು ಅಂಗಡಿ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ "ನೋಡ್ರಿ, ನಂಗೇನೂ ತಿಳಿಯಲ್ಲ" ಎಂದು ತೋರಿಸುತ್ತಿದ್ದಾರೆ. ಆಗ ಅವರ ಮುಖ ನೀನು ನೋಡಬೇಕಿತ್ತು.

ಭಾನುವಾರ ಫೈನಲ್. "ಅಂಕಣದಾಗೆ ಕಲ್ಲು ಆರ್ಸಿದ್ದಾರಾ ಕೇಳೇ, ಮಂಡಿ ತರಚ್ಕೊಂಡಾಳು" ಎಂದು ಬೆಳಗಿನಿಂದ ನನ್ನ ಜೀವ ತಿನ್ನುತ್ತಿದ್ದಾರೆ. ಗೆದ್ದರೂ ಸೋತರೂ ಆಟ ಮುಗಿಸಿ ಮನೆಗೇ ಬಾ. ನಾನು ನಿನ್ನ ಹಾದಿ ಕಾಯುತ್ತಿದ್ದೇನೆ. ಅವರೂ ಕಾಯುತ್ತಿದ್ದಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ನಿನ್ನ ರಟ್ಟಿನ ಫೋನು ನಡೆಸುತ್ತಿರುವ
ಅವ್ವ,
ತಿಪ್ಪೇರುದ್ರಮ್ಮ

ತಾ.ಕ.: ಫೈನಲ್ಲಿನ ಹಾಳೆಯನ್ನು ಇದರೊಳಗೇ ಮಡಚಿಟ್ಟಿದ್ದೇನೆ. 'ಚಳ್ಳಕೆರೆ ಸೋಲುತ್ತದೆ' ಎಂಬಲ್ಲಿ ಅಪ್ಪ ಪೆನ್ಸಿಲನ್ನು ಎಷ್ಟು ಒತ್ತಿದ್ದಾರೆಂದರೆ ಕಾಗದ ಹರಿದಿದೆ. ಅದರ ಕೆಳಗೆ, ಸೋಲಿಗೇ ಹಾಕಿರುವ ಇನ್ನೊಂದು ಗುರುತು ನನ್ನದು.