ಅಪ್ಪ ಮಗ್ಗ ಇಳಿದ ವಾರ

ಕೊಳ್ಳೇಗಾಲ
ಫೆಬ್ರುವರಿ ೭, ಶನಿವಾರ

ನನ್ನ ಮೋಹನಾ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಹೋದ ವಾರ ಫೋನಿನಲ್ಲಿ ನಿನ್ನ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ರೋಜಾ ಕಳಿಸಿದ ಮೆಣಸು ಬೆಲ್ಲದ ಉಂಡೆಗಳನ್ನು ಡಬ್ಬಿಯಲ್ಲೇ ಒಣಗಿಸಬೇಡ, ದಿನಕ್ಕೆರಡು ಬಾಯಿಗೆ ಹಾಕಿಕೋ. ದೆಹಲಿಯಲ್ಲಿ ಚಳಿ ಇನ್ನೂ ಬಿಟ್ಟಿಲ್ಲ ಎಂದು ಪೇಪರಿನಲ್ಲಿ ಓದಿದೆ. ಇಲ್ಲಿ ನಿನ್ನ ಮಗಳು ಮೇಘನಾಗೆ ಮುಂದಿನ ಹಲ್ಲು ಎರಡೂ ಬಿದ್ದಿವೆ. ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಬಾಯಿ ತೆರೆದು ತೋರಿಸುತ್ತಾಳೆ. ಅವಳಮ್ಮ ರೋಜಾ ಚೆನ್ನಾಗಿದ್ದಾಳೆ. ಅಪ್ಪನ ಮೈಗೆ ಏನೂ ಇಲ್ಲ. ಮನಸ್ಸಿನ ವಿಷಯ ಬರೆಯುವುದಕ್ಕೇ ಈ ಕಾಗದ. ಇಂಥದ್ದನ್ನೆಲ್ಲ ಫೋನಿನಲ್ಲಿ ಮಾತಾಡಬೇಡ ಅಕ್ಕ ಎಂದು ನೀನೇ ಹೇಳಿದ್ದೆಯಲ್ಲ.

ದೇಶ ಆಳುವವರು ಮುಂದಿನ ತಿಂಗಳು ಮೈಸೂರಿಗೆ ಬರುತ್ತಾರೆ, ವೇದಿಕೆಯ ಮೇಲೆ ಅವರಿಗೆ ರೇಷ್ಮೆ ಶಾಲನ್ನು ಅಪ್ಪನೇ ಹೊದಿಸುತ್ತಾರೆ, ಅದನ್ನು ನೇಯುವವರೂ ಅಪ್ಪನೇ ಎಂದು ನೀನು ಫೋನು ಮಾಡಿದ ದಿನ ಈ ಬೀದಿ ಹೇಗೆ ಕುಣಿಯಿತೆಂದು ನಿನಗೆ ಗೊತ್ತಿಲ್ಲ. ದೇಶ ಆಳುವವರಿಗೆ ನಮ್ಮ ಬೀದಿಯಲ್ಲಿ ಯಜಮಾನ್ರು ಎಂದೇ ಹೆಸರು. ಪಕ್ಕದ ಮನೆಯ ಕೆಂಪನಂಜಪ್ಪನವರು ಜಗಲಿ ಹತ್ತಿ ಬಂದು, "ಸುಬ್ಬಣ್ಣ, ಯಜಮಾನ್ರು ಆಳೆತ್ತರದೋರು. ನಿನ್ ಕೈ ಎಟುಕ್ತದಾ? ವಸಿ ಮಣೆ ತಕಂಡೋಗು" ಎಂದು ಛೇಡಿಸಿದರು. ಅಪ್ಪ ನಾಚಿಕೊಂಡು ನಕ್ಕರು. ಅಮ್ಮ ಹೋದಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅದಕ್ಕೇ ಮೋಹನಾ, ನಾವೆಲ್ಲ ಸೇರಿ ಆ ತಪ್ಪು ಮಾಡಿದೆವು.

ನಿನಗೆ ಗೊತ್ತಿರುವುದೇ. ದೀಪಾವಳಿಯಿಂದ ಈಚೆಗೆ ಅಪ್ಪನಿಗೆ ಮಗ್ಗದ ಮೇಲೆ ಮರೆವು. ಹೂವಿನ ನೇಯ್ಗೆಗೆಂದು ಮಗ್ಗದಡಿಯ ಕಾಲುಮಣೆ ತುಳಿದೆನೋ ಇಲ್ಲವೋ ಎಂಬುದು ನೆನಪಿರುವುದಿಲ್ಲ. ಇನ್ನೊಂದು ಸಲ ತುಳಿದುಬಿಡುತ್ತಾರೆ. ಹೂವಿನ ಒಂದು ಸಾಲು ಹಾರಿಹೋಗುತ್ತದೆ. ಮಧ್ಯಾಹ್ನ ಊಟ ಮಾಡಿ ಅವರು ಮಲಗಿದ ಹೊತ್ತಿನಲ್ಲಿ ರೋಜಾ ತಪ್ಪಿದ ಕಡೆಯವರೆಗೂ ಎಳೆ ಬಿಚ್ಚಿ, ಮತ್ತೆ ನೇಯ್ದು, ಅವರು ನಿಲ್ಲಿಸಿದ ಅಳತೆಗೇ ತಂದು ಇಡುತ್ತಿದ್ದಳು. ಯಳಂದೂರಿನ ಕಾಲೇಜಿನಲ್ಲಿ ಪಾಠ ಮುಗಿಸಿ ನಾನು ಬೇಗ ಬಂದ ದಿನ ಜಗಲಿಯ ಮೇಲೆ ಪುಸ್ತಕ ಹಿಡಿದು ಕಾವಲು ಕೂರುತ್ತಿದ್ದೆ. ಅಪ್ಪನಿಗೆ ಹೇಳಿಬಿಡೋಣ ಎಂದು ಒಮ್ಮೆ ರೋಜಾಳೇ ಅಂದಳು. ಬೇಡ, ಶಾಲು ಮುಗಿಯುವವರೆಗೆ ಹೇಗಾದರೂ ನಿಭಾಯಿಸಿ ಎಂದು ನೀನು ಹೇಳಿದೆ. ನಾನೂ ಹೂಂ ಎಂದೆ. ಹೇಳಿದರೆ ಆ ನಗು ಹೋಗುತ್ತದಲ್ಲ ಎಂಬ ಹೆದರಿಕೆ ನನಗೆ.

ಈ ನಡುವೆ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಮೂರು ದಿನ ಹನೂರಿಗೆ ಹಾಕಿದ್ದರು. ಸೋಮವಾರ ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಹೂಗ್ಯಂ ಕಡೆಯ ಒಬ್ಬ ಮಾವ, ಅವನ ಅಳಿಯ ಕೂತಿದ್ದರು. ಅಳಿಯನ ಮೊಬೈಲಿನಲ್ಲಿ ಯಜಮಾನರ ಭಾಷಣ. ಮಾವನಿಗೆ ಸಿಟ್ಟು. "ಆರ್ಸ್ಲಾ ಅದ. ಅವ್ರ ಬಾಯಲ್ಲಿ ಬಂದುದ್ದೆಲ್ಲಾ ದೇವ್ರ ಮಾತಾ?" ಎಂದ. "ನೀವು ಆ ಕಡೆಯೋರು, ನಿಮ್ಗೆ ಉರೀತದೆ" ಎಂದು ಅಳಿಯ. "ಯಾವ ಕಡೆಲಾ? ನಿಂಗೆ ಹೆಣ್ ಕೊಟ್ಟ ಕಡೆ ಕಣ್ಲಾ ನಾನು" ಎಂದು ಮಾವ ಕೂಗಿದಾಗ ಬಸ್ಸೆಲ್ಲ ನಕ್ಕಿತು. ಅವರಿಬ್ಬರು ಮಾತ್ರ ನಗಲಿಲ್ಲ. ಮಾವ ತಾನು ಇಳಿಯಬೇಕಾದ ಊರು ಬರುವ ಮೊದಲೇ ಯಾವುದೋ ಸ್ಟಾಪಿನಲ್ಲಿ ಇಳಿದುಬಿಟ್ಟ. ಅಳಿಯ ಏಳಲಿಲ್ಲ. ಕಿಟಕಿಯಿಂದ ನೋಡಿದೆ, ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ರಸ್ತೆಯಂಚಿನಲ್ಲಿ ನಡೆಯುತ್ತಿದ್ದ. ನನ್ನವರು, ಉಳಿದವರು ಎಂದು ಯಜಮಾನರು ಭಾಷಣದಲ್ಲಿ ಜನರನ್ನು ಎರಡು ಮಾಡಿದ ಮೇಲೆ ಇಂಥ ಮನೆಗಳು ಎಷ್ಟಾಗಿವೆಯೋ.

ಆಮೇಲೆ ಆ ಅಳಿಯನಿಗೆ ಏನನ್ನಿಸಿತೋ, ಹಿಂದೆ ತಿರುಗಿ "ನೋಡಿ ಮೇಡಮ್ಮು, ನೀವ್ ಓದ್ದೋರು, ನೀವೇ ಯೋಳಿ" ಎಂದು ಮೊಬೈಲು ಕೊಟ್ಟ. ಸೇಲಂನಲ್ಲಿರುವ ಅವನ ಅಣ್ಣ ಕಳಿಸಿದ್ದಂತೆ, ಸಭೆಯಲ್ಲಿ ನಿಂತ ಯಾರೋ ಹಿಡಿದ ವಿಡಿಯೊ. ಆ ಭಾಷಣವನ್ನು ನಾನು ಟಿವಿಯಲ್ಲಿ ನೋಡಿದ್ದೆ. ಆದರೆ ಇದನ್ನು ನೋಡಿರಲಿಲ್ಲ. ಯಜಮಾನರು ಮಾತಿನ ನಡುವೆ ನಿಂತರು. ಯಾವ ಊರಿನಲ್ಲಿದ್ದೇನೆ ಎಂದು ಪಕ್ಕದವರನ್ನು ಕೇಳಿದರು; ಹೇಳಿದ ಮೇಲೂ ಬೇರೆ ಊರಿನ ಹೆಸರನ್ನೇ ಹೇಳಿದರು. ಜನ ಗುಸುಗುಸು ಎಂದಾಗ ಮುಖ ಕೆಂಪಾಯಿತು. ಒಂದು ಮೂಲೆಗೆ ಬೆರಳು ತೋರಿಸಿ, ಅಲ್ಲಿ ಚಪ್ಪಾಳೆ ತಟ್ಟದೆ ನಿಂತವಳನ್ನು ನೋಡಿ, ಅವಳು ನಮ್ಮವಳಲ್ಲ, ಮುಖ ನೆನಪಿಟ್ಟುಕೊಳ್ಳಿ ಎಂದರು. ಸಾವಿರಾರು ತಲೆಗಳು ಒಟ್ಟಿಗೆ ಆ ಕಡೆ ತಿರುಗಿದವು. ಅಲ್ಲಿ ಒಬ್ಬ ಹೆಂಗಸು, ಸಭೆಗೆ ನೀರು ಹೊರುವವಳು. ಎರಡು ಕೈಯಲ್ಲೂ ನೀರಿನ ಕ್ಯಾನು. ಚಪ್ಪಾಳೆ ತಟ್ಟಲು ಅವಳಿಗೆ ಕೈ ಎಲ್ಲಿತ್ತು ಮೋಹನಾ? ಅವಳು ಕ್ಯಾನುಗಳನ್ನು ಅಲ್ಲೇ ಬಿಟ್ಟು ಓಡಿದಳು. ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಆಮೇಲೆ ಅವಳಿಗೇನಾಯಿತು ಗೊತ್ತಿಲ್ಲ.

ಟಿವಿಯಲ್ಲಿ ಬಂದದ್ದರಲ್ಲಿ ಇದು ಯಾವುದೂ ಇರಲಿಲ್ಲ. ನಮಸ್ಕಾರದಿಂದ ನೇರವಾಗಿ ಘೋಷಣೆಗೆ ಹೋಗಿತ್ತು, ನಡುವೆ ಒಂದು ಉಸಿರಿನ ತಡೆಯೂ ಇಲ್ಲದಂತೆ. ಅಷ್ಟು ಚೆನ್ನಾಗಿ ಕತ್ತರಿಸಿ ಕೂಡಿಸುವ ಕೈ ಯಾರದೆಂದು ನನಗೆ ಗೊತ್ತು. ಸಂಕ್ರಾಂತಿಯ ದಿನ ನೀನು ಫೋನಿನಲ್ಲಿ, ನಾವು ಅವರ ಭಾಷಣ ಕತ್ತರಿಸದೆ ಬಿಟ್ಟರೆ ಜನ ಹೆದರುತ್ತಾರೆ ಅಕ್ಕ ಎಂದೆ. ಕೂಡಲೇ ಹಬ್ಬದ ಮಾತಿಗೆ ಹೊರಳಿದೆ. ನಾನೂ ಹೊರಳಿದೆ.

ನಾನು ಅವರ ಶತ್ರುವಲ್ಲ. ಮೊದಲ ಸಲ ಅವರಿಗೇ ಓಟು ಹಾಕಿದ್ದೆ, ನಿನಗಿಂತ ಮುಂಚೆ. ವಯಸ್ಸಾದವರಿಗೆ ಮರೆವು ಬರುವುದು ಪಾಪವಲ್ಲ. ನಮ್ಮ ಮನೆಯಲ್ಲೇ ಇದೆ. ಕವಿತೆ ಓದುವ ನನಗೆ ಸಾಲಿನ ನಡುವಿನ ಮೌನವೆಂದರೆ ಇಷ್ಟ. ಆದರೆ ಆ ದಿನ ಅವರ ಬಾಯಿ ನಿಂತ ಹೊತ್ತಿನಲ್ಲಿ ಕಣ್ಣು ಸುತ್ತಲೂ ಯಾರನ್ನೋ ಹುಡುಕುತ್ತಿತ್ತು, ತನ್ನ ಮರೆವಿಗೆ ಹೊಣೆ ಮಾಡಲು ಒಬ್ಬರನ್ನು. ಅದು ನನಗೆ ಹೆದರಿಕೆ. ಗಡಿಯಲ್ಲಿ ಬಂದೂಕು ಹಿಡಿದವರು ಅವರ ಒಂದು ಮಾತಿಗೆ ಕಾಯುತ್ತಾರೆ. ಅವರು ಊರಿನ ಹೆಸರು ಮರೆತಂತೆ ಬೇರೆ ಏನನ್ನಾದರೂ ಮರೆತು, ಅದೇ ಸಿಟ್ಟಿನಲ್ಲಿ ಬೆರಳು ತೋರಿಸಿದರೆ? ತಡೆಯುವವರು ಯಾರು? ಹತ್ತಿರ ಇರುವವರೆಲ್ಲ ನಿನ್ನಂಥವರೇ ಆದರೆ? ಮಂಗಳವಾರ, ಬುಧವಾರ ಯಳಂದೂರಿನ ಬಸ್ಸಿನಲ್ಲಿ ಇದೇ ಯೋಚನೆ. ಕುಂತೂರಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ನಾನು ತೆರೆದ ಪುಟ ತೆರೆದ ಹಾಗೇ ಇತ್ತು. ನಿನಗೆ ಏನೇನು ಬರೆಯಬೇಕೆಂದು ಮನಸ್ಸಿನಲ್ಲೇ ಕಟುವಾಗಿ ಜೋಡಿಸಿಕೊಂಡೆ. ಆ ಮಾತುಗಳನ್ನೆಲ್ಲ ಈಗ ಬರೆಯಲಾರೆ. ಏಕೆಂದರೆ ಬುಧವಾರ ಸಂಜೆ ಮನೆಗೆ ಬರುವಷ್ಟರಲ್ಲಿ ನಮ್ಮ ಕೆಲಸ ಬಯಲಾಗಿತ್ತು.

ನಾವು ಅಳತೆ ಸರಿ ಮಾಡಿದ್ದೆವು, ಹೂವು ಸರಿ ಮಾಡಿದ್ದೆವು, ಕೈಯನ್ನು ಮರೆತಿದ್ದೆವು. ನೇಕಾರರ ಮನೆಯಲ್ಲಿ ಹುಟ್ಟಿ ಇದು ಹೊಳೆಯಲಿಲ್ಲವಲ್ಲ ನನಗೆ! ಎಳೆಗಳನ್ನು ಒತ್ತಲು ಅಪ್ಪ ಹಲಗೆ ಬಡಿಯುವ ಏಟು ಬಿಗಿ, ರೋಜಾಳದು ಮೃದು. ಕಣ್ಣಿಗೆ ಎರಡೂ ಒಂದೇ. ಕೆಂಪನಂಜಪ್ಪನವರಿಗೆ ತೋರಿಸಲೆಂದು ಅಪ್ಪ ನೇಯ್ದದ್ದನ್ನು ಸುತ್ತುವ ಉರುಳೆಯಿಂದ ಶಾಲನ್ನು ಸಡಿಲಿಸಿ, ಅಂಗೈಯನ್ನು ಮೇಲಿನಿಂದ ಕೆಳಗೆ ಸವರುತ್ತಾ ಬಂದವರು ಗೇಣುದ್ದಕ್ಕೆ ನಿಂತರಂತೆ. ಮತ್ತೆ ಸವರಿದರಂತೆ. ನಾನು ಒಳಗೆ ಕಾಲಿಟ್ಟಾಗ ಅವರು ಕಣ್ಣು ಮುಚ್ಚಿಕೊಂಡೇ, "ಇದು ನನ್ ಏಟು. ಇದು ನಂದಲ್ಲ. ಇದು ನಂದು. ಇಲ್ಲಿಂದ ಇಲ್ಗಂಟ ನಂದಲ್ಲ" ಎಂದು ಒಂದೊಂದೇ ಹೇಳುತ್ತಿದ್ದರು. ರೋಜಾ ಬಾಗಿಲಿಗೆ ಆತು ಅಳುತ್ತಿದ್ದಳು. ಕೆಂಪನಂಜಪ್ಪನವರು ಸಮಾಧಾನಕ್ಕೆಂದು, "ಬುಡು ಸುಬ್ಬಣ್ಣ, ಸೊಸೆ ಕೈ ವಸಿ ಸೇರ್ಕಂಡ್ರೆ ಏನಾಯ್ತು? ಯಜಮಾನ್ರು ಎಲ್ಡು ನಿಮಿಸ ಒದ್ಕಂಡು ತೆಗ್ದಾಕ್ತರೆ" ಎಂದರು. ಅಪ್ಪ ಅವರ ಕಡೆ ನೋಡಲಿಲ್ಲ. ರೋಜಾಳನ್ನು ಹತ್ತಿರ ಕರೆದು, "ಯಾವಾಗ್ನಿಂದ ಕಣವ್ವಾ?" ಎಂದು ಮೆಲ್ಲಗೆ ಕೇಳಿದರು. "ದೀಪಾವಳಿಯಿಂದ ಮಾವ" ಎಂದಳು. ಅಂದಿನಿಂದ ನೇಯ್ದು ಕೊಟ್ಟ ಮದುವೆ ಸೀರೆಗಳೂ ಸೇರಿ ಎಂಬುದು ಅವರಿಗೆ ಅರ್ಥವಾಯಿತು.

ಆಗ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ಎರಡು ಎಮ್ಮೆ ಓದಿದೀಯ. ನನ್ ಮಗಳೇ ನನ್ನ ಬೆಪ್ಪನ್ ಮಾಡ್ಬುಟ್ಟಲ್ಲಾ ಲಕ್ಷ್ಮಿ" ಎಂದರು. "ತಪ್ತಾ ಅದೆ ಕಣಪ್ಪ ಅಂತ ಒಂದ್ ಮಾತು ಯೋಳಿದ್ರೆ ನಾನು ಸಾಯ್ತಿದ್ನಾ? ನಂಗೆ ಯೋಳ್ದೇ ಇರೋದೇ ಮರ್ವಾದೆ ಅಂದ್ಕಂಡ್ರಾ?" ನಿಮಗೆ ನೋವಾಗಬಾರದೆಂದು ಸುಮ್ಮನಿದ್ದೆವು ಎಂದೆ. "ನಂಗಲ್ಲ, ನಿಮ್ಗೆ" ಎಂದರು. ಎಷ್ಟು ಸರಿಯಾಗಿ ಹೇಳಿದರು! ಅವರ ಮುಖ ಬಾಡಿದ್ದನ್ನು ನೋಡುವ ಧೈರ್ಯ ನಮಗಿರಲಿಲ್ಲ. ಅದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೆವು. ಆ ರಾಜಧಾನಿಯಲ್ಲಿ ಯಜಮಾನರ ಸುತ್ತ ಇರುವವರಲ್ಲೂ ಎಷ್ಟೋ ಜನ ಕೆಟ್ಟವರಲ್ಲ, ನಮ್ಮ ಹಾಗೇ ಒಂದೊಂದು ಮಧ್ಯಾಹ್ನವನ್ನು ದಾಟಿಸುತ್ತಿರುವವರು ಎಂದು ಆಗ ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಹೆದರಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಗುರುವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಕೆಂಪನಂಜಪ್ಪನವರನ್ನು ಕರೆಸಿದರು. ತಾತ ನೇಯುವುದನ್ನು ಬಿಟ್ಟು ಮಗ್ಗ ಇಳಿದದ್ದು ನಿನಗೆ ನೆನಪಿರಲಾರದು, ನೀನಾಗ ಮಗು. ನಮ್ಮ ಮನೆಯಲ್ಲಿ ಇಳಿಯುವವನೇ ತನ್ನ ಬಾಯಲ್ಲಿ ಹೇಳಬೇಕು, ನೆರೆಯವರೊಬ್ಬರು ಕೇಳಿಸಿಕೊಳ್ಳಬೇಕು. ಅಪ್ಪ ಲಾಳಿಯನ್ನು ವೀಳ್ಯದೆಲೆಯ ಮೇಲಿಟ್ಟು, "ನನ್ ಕೈ ಸಾಕಾಯ್ತು. ಕಣ್ಣಲ್ಲ, ಗ್ಯಾನ ತಪ್ತಾ ಅದೆ. ಇನ್ಮುಂದಕ್ಕೆ ಇದು ರೋಜಂದು" ಎಂದು ಅವಳ ಕೈಗೆ ಕೊಟ್ಟರು. ಅವರ ದನಿ ಒಂದು ಕಡೆಯೂ ನಡುಗಲಿಲ್ಲ. ಮಗ್ಗದ ಗುಂಡಿಯಿಂದ ಎದ್ದು ಮೇಲೆ ಬರುವಾಗ ಮಾತ್ರ ಗೋಡೆ ಹಿಡಿದರು. ಐವತ್ತಾರು ವರ್ಷ ಮಗ್ಗದಲ್ಲಿ ಕೂತವರು. ಆಮೇಲೆ ಶಾಲಿನ ವಿಷಯ ಬಂತು. "ಅರ್ಧ ಅವಳು ನೇಯ್ದುದ್ದ ನಾನು ನೇಯ್ದಿದ್ದು ಅಂತ ಒದಿಸಾಕಾಗಲ್ಲ. ಮೈಸೂರ್ಗೆ ನಾನು ಬರಲ್ಲ ಅಂತ ಮೋಹನಂಗೆ ಬರಿ" ಎಂದು ರೋಜಾಳಿಗೆ ಹೇಳಿದರು, ನನಗಲ್ಲ.

ಕಾಫಿ ಕುಡಿಯುತ್ತಾ ನಾನು ಸುಮ್ಮನಿರಲಾರದೆ ಕೆಂಪನಂಜಪ್ಪನವರಿಗೆ, ಯಜಮಾನ್ರಿಗೂ ತಪ್ತಾ ಅದೆ ಎಂದು ಯಾರಾದರೂ ಹೇಳುವವರು ಇದ್ದಾರಾ ಎಂದೆ. "ಅವ್ರ್ ಇಸ್ಯ ಬ್ಯಾರೆ ಕಣವ್ವಾ" ಎಂದು ಲೋಟ ಕೆಳಗಿಟ್ಟರು. "ನೀನು ಆ ಕಡೆ ಅಂತ ನಂಗೆ ಗೊತ್ತಿರ್ನಿಲ್ಲ" ಎಂದು ಎದ್ದು ಹೋದರು. ನಿನ್ನೆ ಬರಲಿಲ್ಲ, ಇವತ್ತೂ ಬಂದಿಲ್ಲ. ಅವರ ಹೆಂಡತಿ ಚನ್ನಾಜಮ್ಮ ಮಾತ್ರ ಗೋಡೆಯ ಆಚೆಯಿಂದ ಮೇಘನಾಗೆ ಚಕ್ಕುಲಿ ಕೊಟ್ಟರು. ಒಂದು ಪ್ರಶ್ನೆಗೆ ನಾನು ಆ ಕಡೆಯವಳಾದೆ. ಮೂವತ್ತು ವರ್ಷದ ಕೆಳಗೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾಲೇಜಿಗೆ ಸೇರಿಸಿ ಬಂದವರು ಅವರು.

ನಿನ್ನ ಕೆಲಸ, ನಿನ್ನ ಹೆಸರು, ಮೈಸೂರಿನ ಏರ್ಪಾಟು ಎಲ್ಲಕ್ಕೂ ಇದರಿಂದ ತೊಂದರೆ ಎಂದು ನನಗೆ ಗೊತ್ತು. ಯಾವ ನೆಪ ಹೇಳುತ್ತೀಯೋ ನಿನಗೆ ಬಿಟ್ಟದ್ದು. ಅಪ್ಪನಿಗೆ ಹುಷಾರಿಲ್ಲ ಎಂದು ಮಾತ್ರ ಹೇಳಬೇಡ. ಅವರು ಹುಷಾರಾಗಿದ್ದಾರೆ. ಎರಡು ಹೊತ್ತು ಊಟ ಬಿಟ್ಟಿದ್ದರು, ನಿನ್ನೆ ರಾಗಿ ಮುದ್ದೆ ಉಂಡರು. ಈಗ ಗೋಡೆಗೆ ಒರಗಿ ಕೂತು ರೋಜಾಳ ಏಟು ಕೇಳಿಸಿಕೊಳ್ಳುತ್ತಿದ್ದಾರೆ. ಆಗಾಗ "ಇನ್ನೂ ವಸಿ ಬಿಗಿ" ಎನ್ನುತ್ತಾರೆ.

ಬೆಚ್ಚಗೆ ಹೊದ್ದುಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಪರವಾಗಿ ಏನು ಬರೆಯಲಿ ಎಂದು ರೋಜಾಳನ್ನು ಕೇಳಿದರೆ, ಏನೂ ಬೇಡ ಅಕ್ಕ, ಕೇಳ್ದೆ ಅಂತ ಬರೀರಿ ಎಂದಳು. ಮೇಘನಾ ಬಿದ್ದ ಹಲ್ಲನ್ನು ಕಾಗದದ ಜೊತೆ ಕಳಿಸಲು ಹಟ ಮಾಡಿದಳು, ಒಪ್ಪಲಿಲ್ಲ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಲಕ್ಷ್ಮಿದೇವಿ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಪ್ಪ ನನ್ನನ್ನು ಕರೆದರು. ಬುಧವಾರದ ಮೇಲೆ ನನ್ನೊಡನೆ ಮೊದಲ ಮಾತು. "ಮೋಹನ ಅಲ್ಲಿ ಏನ್ ಕೆಲ್ಸ ಮಾಡ್ತನೆ, ಮುಚ್ಚುಮರೆ ಇಲ್ದಂಗೆ ಯೋಳು" ಎಂದರು. ಹೇಳಿಬಿಟ್ಟೆ ಮೋಹನಾ. ನೀರಿನವಳ ವಿಷಯವನ್ನೂ ಹೇಳಿದೆ. ಒಮ್ಮೆ ಅಂಗೈ ನೋಡಿಕೊಂಡು, "ರೈಲ್ಗೆ ಟಿಕೀಟ್ ಮಾಡ್ಸು" ಎಂದರು. ನಾನೂ ಅವರೂ ಇದೇ ತಿಂಗಳ ಇಪ್ಪತ್ತೆರಡನೇ ತಾರೀಕು ಭಾನುವಾರ ಬೆಳಿಗ್ಗೆ ದೆಹಲಿಯಲ್ಲಿ ಇಳಿಯುತ್ತೇವೆ. ಯಜಮಾನರನ್ನು ನೋಡಲಿಕ್ಕಲ್ಲ. ನೀನು ಇದುವರೆಗೆ ಕತ್ತರಿಸಿ ತೆಗೆದದ್ದನ್ನೆಲ್ಲ, ಒಂದೂ ಬಿಡದೆ, ಅಪ್ಪನ ಪಕ್ಕದಲ್ಲಿ ಕೂತು ತೋರಿಸಬೇಕಂತೆ. ಅಳಿಸಿಹಾಕಿದ್ದರೆ ಆ ಮಾತನ್ನು ಅವರ ಮುಖ ನೋಡಿ ನೀನೇ ಹೇಳು. ಈ ಸಲ ನಿನ್ನ ಪರವಾಗಿ ನಾನು ಏನನ್ನೂ ಮುಚ್ಚುವುದಿಲ್ಲ.